ಸ್ಪೈಡರ್-ವರ್ಸ್‌ಗೆ ಟಿವಿ ಹೊಂದಿಸುವುದು ಹೇಗೆ: ಸಿನಿಮಾಗೆ ಒಂದು ಬಗೆ, ಗೇಮ್‌ಗೆ ಇನ್ನೊಂದು

ಸೂಪರ್‌ಹೀರೊ ಸಿನಿಮಾಗಳು ಕಾಮಿಕ್ಸ್‌ನಿಂದ ಕಥೆ ತಗೊಂಡಿವೆ, ವೇಷ ತಗೊಂಡಿವೆ. ಕಾಗದವನ್ನೂ ಶಾಯಿಯನ್ನೂ ತೆರೆಗೆ ತಂದದ್ದು ಮಾತ್ರ ಎರಡು ಸ್ಪೈಡರ್-ವರ್ಸ್ ಸಿನಿಮಾಗಳು: 2018ರ ‘ಇನ್‌ಟು ದ ಸ್ಪೈಡರ್-ವರ್ಸ್’ ಮತ್ತು 2023ರ ‘ಅಕ್ರಾಸ್ ದ ಸ್ಪೈಡರ್-ವರ್ಸ್’. ಎರಡನೆಯದು ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಥಿಯೇಟರ್‌ನಲ್ಲಿ ಬೆರಗಾಗಿ ನೋಡಿದವರು ಮನೆಯಲ್ಲಿ ಮತ್ತೆ ಹಾಕಿಕೊಂಡಾಗ ‘ಏನೋ ಸಪ್ಪೆ ಅನಿಸುತ್ತಲ್ಲ’ ಎನ್ನುವುದುಂಟು. ತಪ್ಪು ಸಿನಿಮಾದ್ದಲ್ಲ. ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ನಲ್ಲೇ ಓಡುತ್ತಿರುವ ಟಿವಿ, ಕಲಾವಿದರು ಬೇಕೆಂದೇ ಇಟ್ಟದ್ದನ್ನು ದೋಷವೆಂದು ತಿಳಿದು ತಿದ್ದುತ್ತಿರುತ್ತದೆ.

ಹಾಗಾಗಿ ಟಿವಿ ಹೊಂದಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷಾ ಸಿನಿಮಾ ಇಲ್ಲ. ಇದಕ್ಕೆ ಸರಿಹೋದ ಟಿವಿಯಲ್ಲಿ ಮಿಕ್ಕ ಸಿನಿಮಾಗಳೂ ಸರಿಯಾಗಿಯೇ ಕಾಣುತ್ತವೆ. ರಿಮೋಟ್ ಹಿಡಿದು ಒಂದು ಗಂಟೆ ಕೂತರೆ ಸಾಕು. ತಂತ್ರಜ್ಞರನ್ನು ಕರೆಸಬೇಕಿಲ್ಲ, ಖರ್ಚೂ ಇಲ್ಲ.

ಯಾವುದು ದೋಷ, ಯಾವುದು ಕಲೆ

ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಮಾಮೂಲಿ ಕಂಪ್ಯೂಟರ್ ಅನಿಮೇಷನ್‌ನಲ್ಲಿ ಪ್ರತಿ ಫ್ರೇಮಿಗೂ ಹೊಸ ಭಂಗಿ ಇರುತ್ತದೆ. ಮೊದಲ ಸಿನಿಮಾದಲ್ಲಿ ನಾಯಕ, ಹೊಸದಾಗಿ ಸ್ಪೈಡರ್-ಮ್ಯಾನ್ ಆದ ಹುಡುಗ ಮೈಲ್ಸ್ ಮೊರಾಲಿಸ್‌ನ ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ನಿಲ್ಲಿಸಿದ್ದಾರೆ. ಅಂದರೆ ಸೆಕೆಂಡಿಗೆ 12 ಭಂಗಿ. ಆಲ್ಕೆಮ್ಯಾಕ್ಸ್ ಎಂಬ ಪ್ರಯೋಗಾಲಯದಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಬಲೆ ಬೀಸುತ್ತಾ ಓಡುವ ದೃಶ್ಯದಲ್ಲಿ ಪಳಗಿದ ಹಿರಿಯ ಸ್ಪೈಡರ್-ಮ್ಯಾನ್ ಪೀಟರ್ ಪ್ರತಿ ಫ್ರೇಮಿಗೂ ಚಲಿಸುತ್ತಾನೆ, ಪಕ್ಕದಲ್ಲೇ ಮೈಲ್ಸ್ ಎರಡಕ್ಕೊಮ್ಮೆ. ಹುಡುಗ ಇನ್ನೂ ಕಲಿಯುತ್ತಿದ್ದಾನೆ ಅನ್ನುವುದನ್ನು ಮಾತಿಲ್ಲದೆ ಹೇಳುವ ಉಪಾಯ ಇದು. ಎರಡನೇ ಸಿನಿಮಾದಲ್ಲಿ ಗಿಟಾರ್ ಹಿಡಿದು ಬರುವ ಸ್ಪೈಡರ್-ಮ್ಯಾನ್ ಹೋಬಿಯಲ್ಲಿ ಇದು ಇನ್ನೂ ಅತಿಗೆ ಹೋಗಿದೆ: ಮೈಗೊಂದು ಲಯ, ಜಾಕೆಟ್‌ಗೊಂದು, ಗಿಟಾರ್‌ಗೆ ಮತ್ತೊಂದು.

ನೆರಳಿನ ಜಾಗದಲ್ಲಿ ಹಳೆಯ ಅಚ್ಚಿನ ಚುಕ್ಕಿಗಳಿವೆ, ಅಡ್ಡಗೆರೆಗಳಿವೆ. ದೂರದ ವಸ್ತುಗಳನ್ನು ಕ್ಯಾಮೆರಾದಂತೆ ಮಸುಕು ಮಾಡುವ ಬದಲು ಕೆಂಪು-ನೀಲಿ ಪದರಗಳನ್ನು ಅಕ್ಕಪಕ್ಕ ಸರಿಸಿದ್ದಾರೆ. ನಾಲ್ಕು ಬಣ್ಣದ ಅಚ್ಚಿನಲ್ಲಿ ಪ್ಲೇಟ್ ಒಂದಿಷ್ಟು ಜರುಗಿದರೆ ಪುಟದಲ್ಲಿ ಹೀಗೇ ಕಾಣುತ್ತಿತ್ತು. (ಇದನ್ನು ನೋಡಿ ‘3ಡಿ ಕನ್ನಡಕ ಹಾಕದೆ ನೋಡಿದ ಹಾಗಿದೆ’ ಎಂದು ದೂರಿದವರೂ ಇದ್ದಾರೆ.) ಇನ್ನೊಂದು ಲೋಕದ ಸ್ಪೈಡರ್-ವುಮನ್ ಗ್ವೆನ್. ಅವಳ ಲೋಕದಲ್ಲಿ ಗೋಡೆಗಳ ಜಲವರ್ಣ ಅವಳ ಮನಸ್ಸಿನ ಜೊತೆಗೇ ಬದಲಾಗುತ್ತದೆ, ಸುರಿಯುತ್ತದೆ.

ಟಿವಿಯ ಚಿಪ್‌ಗೆ ಇದೊಂದೂ ಗೊತ್ತಿಲ್ಲ. ನಿಂತ ಭಂಗಿ ಅದಕ್ಕೆ ತಡವರಿಕೆ, ಚುಕ್ಕಿ ಅಂದರೆ ನಾಯ್ಸ್ (ಚಿತ್ರದಲ್ಲಿ ಸೇರಿಕೊಂಡ ಕಸ), ಜರುಗಿದ ಬಣ್ಣ ಅಂದರೆ ಮಸುಕು. ಮೂರಕ್ಕೂ ಅದರ ಹತ್ತಿರ ಮದ್ದಿದೆ. ನಮ್ಮ ಕೆಲಸ ಆ ಮದ್ದನ್ನು ನಿಲ್ಲಿಸುವುದು.

ಸಿನಿಮಾ ಸೆಟ್ಟಿಂಗ್

ಕ್ರಮ ಮುಖ್ಯ. ಮೊದಲು ಪಿಕ್ಚರ್ ಮೋಡ್ ಬದಲಿಸಿ, ಆಮೇಲೆ ಮಿಕ್ಕದ್ದು. ತಿರುವುಮುರುವು ಮಾಡಿದರೆ ನೀವು ತಿದ್ದಿದ್ದೆಲ್ಲ ಹಳೆಯ ಮೋಡ್‌ನಲ್ಲೇ ಉಳಿದು ಹೊಸದರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

‘ವಿವಿಡ್’, ‘ಡೈನಾಮಿಕ್’, ‘ಸ್ಟ್ಯಾಂಡರ್ಡ್’ ಮೂರನ್ನೂ ಮರೆತುಬಿಡಿ. ಅಂಗಡಿಯ ಬೆಳಕಿನಲ್ಲಿ ನೂರು ಟಿವಿಗಳ ನಡುವೆ ಕಣ್ಣಿಗೆ ಹೊಡೆಯಲೆಂದು ಮಾಡಿದ ಮೋಡ್‌ಗಳು ಅವು. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಆರಿಸಿ. ಟಿವಿ ಕಂಪನಿಗಳ, ಸಿನಿಮಾ ಸ್ಟುಡಿಯೊಗಳ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ 2019ರಲ್ಲಿ ಪ್ರಕಟಿಸಿದ ಈ ಮೋಡ್ ಎಲ್‌ಜಿ, ಸ್ಯಾಮ್‌ಸಂಗ್ ಸೇರಿ ಹಲವು ಕಂಪನಿಗಳ ಟಿವಿಗಳಲ್ಲಿದೆ. ಒಂದೇ ಒತ್ತಿಗೆ ಮುಕ್ಕಾಲು ಕೆಲಸ ಮುಗಿಸುತ್ತದೆ. ಇಲ್ಲದಿದ್ದರೆ ‘ಸಿನಿಮಾ’, ‘ಮೂವೀ’ ಅಥವಾ ‘ಕಸ್ಟಮ್’ ಆರಿಸಿ.

ಮುಂದಿನದು ಮೋಷನ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಇನ್ನು ಕೆಲವದರಲ್ಲಿ ಎಂಇಎಂಸಿ ಅಥವಾ ಮೋಷನ್ ಸ್ಮೂಥಿಂಗ್. ಹೆಸರು ಏನೇ ಇರಲಿ, ಆಫ್ ಮಾಡಿ. ಎರಡು ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮ್‌ಗಳನ್ನು ಲೆಕ್ಕ ಹಾಕಿ ತುರುಕುವುದೇ ಇದರ ಕೆಲಸ. ನಟರು ಓಡಾಡುವ ಸಿನಿಮಾ ಇದರಿಂದ ಸಂಜೆ ಧಾರಾವಾಹಿಯಂತೆ ಕಾಣುತ್ತದೆ. ಸ್ಪೈಡರ್-ವರ್ಸ್‌ನಲ್ಲಿ ಆಗುವ ಅನಾಹುತ ಬೇರೆ ಥರದ್ದು. ಮೈಲ್ಸ್‌ನ ಭಂಗಿ ಎರಡು ಫ್ರೇಮ್ ನಿಂತಿರುವಾಗ ಅವನಲ್ಲಿ ಚಲನೆ ಇಲ್ಲ ಅಂತ ಚಿಪ್ ಸುಮ್ಮನಿರುತ್ತದೆ. ಭಂಗಿ ಬದಲಾದ ಕೂಡಲೇ ನಡುವಿನ ಚಲನೆ ತುಂಬುತ್ತದೆ. ಜಾರು, ನಿಲ್ಲು, ಜಾರು, ನಿಲ್ಲು ಅಂತ ಅವನು ಅತ್ತ ಗಡಸೂ ಅಲ್ಲದ ಇತ್ತ ನಯವೂ ಅಲ್ಲದ ಎಡಬಿಡಂಗಿ ಚಲನೆಯಲ್ಲಿ ಸಿಕ್ಕಿಬೀಳುತ್ತಾನೆ. ಕೈ-ಬಲೆಗಳ ಅಂಚಿನಲ್ಲಿ ಗಾಳಿ ನಡುಗಿದಂತೆ ಕಲೆಗಳೂ ಏಳುತ್ತವೆ. ಆ ಕಾಡಿನ ದೃಶ್ಯವನ್ನು ಮೋಷನ್ ಆನ್ ಇಟ್ಟು ಒಮ್ಮೆ, ಆಫ್ ಮಾಡಿ ಒಮ್ಮೆ ನೋಡಿ. ಪೀಟರ್‌ಗೂ ಮೈಲ್ಸ್‌ಗೂ ಇರುವ ವ್ಯತ್ಯಾಸ ಎದ್ದು ಕಾಣುವುದು ಆಫ್ ಇದ್ದಾಗ ಮಾತ್ರ.

ಒಂದು ವಿನಾಯಿತಿ ಇದೆ. ಕೆಲವು ಓಎಲ್‌ಇಡಿ (ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ) ಪರದೆಗಳು ಫ್ರೇಮಿನಿಂದ ಫ್ರೇಮಿಗೆ ತಟಕ್ಕನೆ ಬದಲಾಗುವುದರಿಂದ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ 24 ಫ್ರೇಮಿನ ಸಿನಿಮಾ ಕಣ್ಣಿಗೆ ಕುಕ್ಕುತ್ತದೆ. ತಡೆಯಲಾಗದಿದ್ದರೆ ನಟರ ಸಿನಿಮಾಗಳಿಗೆ ‘ಡಿ-ಜಡರ್’ ಅನ್ನು 10ರಲ್ಲಿ 1 ಅಥವಾ 2ಕ್ಕೆ ಇಡಿ. ಈ ಎರಡು ಸಿನಿಮಾಗಳಿಗೆ ಅದೂ ಬೇಡ.

ಶಾರ್ಪ್‌ನೆಸ್ ಇಳಿಸುವಾಗ ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದರಲ್ಲಿ ಹಲವರು ಎಡವುತ್ತಾರೆ. ಸ್ಯಾಮ್‌ಸಂಗ್‌ನಲ್ಲಿ ಸಿನಿಮಾ ಮೋಡ್‌ಗೆ 0 ಸರಿ. ಸೋನಿಯಲ್ಲಿ 50 ಅಂದರೆ ಏನನ್ನೂ ಸೇರಿಸದ, ಏನನ್ನೂ ತೆಗೆಯದ ಸ್ಥಿತಿ. 0ಗೆ ಇಳಿಸಿದರೆ ಚಿತ್ರ ಮಸುಕಾಗುತ್ತದೆ. ಸಂಖ್ಯೆ ಬಾಯಿಪಾಠ ಮಾಡುವುದಕ್ಕಿಂತ ಕಣ್ಣಿನಿಂದ ಅಳೆಯುವುದು ಒಳ್ಳೆಯದು: ದಪ್ಪ ಕಪ್ಪು ಗೆರೆ ಇರುವ ಫ್ರೇಮಿನಲ್ಲಿ ಸಿನಿಮಾ ನಿಲ್ಲಿಸಿ (ಪಾಜ್ ಮಾಡಿ) ಪರದೆಯ ಹತ್ತಿರ ಹೋಗಿ. ಗೆರೆಯ ಸುತ್ತ ತೆಳ್ಳಗಿನ ಬಿಳಿ ಅಂಚು ಕಂಡರೆ ಶಾರ್ಪ್‌ನೆಸ್ ಹೆಚ್ಚಾಗಿದೆ. ಆ ಅಂಚು ಮಾಯವಾಗುವ ತನಕ ಇಳಿಸಿ, ಗೆರೆಯೇ ಮೆತ್ತಗಾಗುವ ಮೊದಲು ನಿಲ್ಲಿಸಿ.

ನಾಯ್ಸ್ ರಿಡಕ್ಷನ್, ಎಂಪೆಗ್ ನಾಯ್ಸ್ ರಿಡಕ್ಷನ್ ಎರಡೂ ಆಫ್. ಮುಖದ ನೆರಳಿನ ಚುಕ್ಕಿಗಳನ್ನು ಒರೆಸಿ ಪ್ಲಾಸ್ಟಿಕ್ ಮಾಡುವುದು ಇವೇ. ‘ಸ್ಮೂತ್ ಗ್ರೇಡೇಷನ್’ ಅನ್ನುವುದಕ್ಕೆ ಮಾತ್ರ ಒಂದು ಮಾತು. ಗ್ವೆನ್‌ಳ ಲೋಕದ ಗುಲಾಬಿ-ನೀಲಿ ಹಿನ್ನೆಲೆಯಲ್ಲಿ ಬಣ್ಣ ನಯವಾಗಿ ಬದಲಾಗದೆ ಪಟ್ಟಿಪಟ್ಟಿಯಾಗಿ ಕಂಡರೆ ಅದು ಸ್ಟ್ರೀಮಿಂಗ್‌ನ ಬಿಗಿ ಸಂಕುಚನದ ಫಲ. ಆಗ ಅದನ್ನು ‘ಲೋ’ನಲ್ಲಿ ಇಟ್ಟರೆ ಅಡ್ಡಿಯಿಲ್ಲ, ಅದಕ್ಕಿಂತ ಮೇಲೆ ಹೋಗಬೇಡಿ. ನಿಜವಾದ ಪರಿಹಾರ ಡಿಸ್ಕ್. 4ಕೆ ಬ್ಲೂ-ರೇಯಲ್ಲಿ ಚಿತ್ರದ ದತ್ತಾಂಶ 4ಕೆ ಸ್ಟ್ರೀಮಿಂಗ್‌ಗಿಂತ ಹಲವು ಪಟ್ಟು ಹೆಚ್ಚು, ಸೆಕೆಂಡಿಗೆ 100 ಮೆಗಾಬಿಟ್ ದಾಟಬಲ್ಲದು. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅದನ್ನು ಓಡಿಸುತ್ತದೆ. ಸ್ಟ್ರೀಮಿಂಗ್‌ನಲ್ಲೇ ನೋಡುವುದಾದರೆ ನಿಮ್ಮ ಪ್ಲಾನ್ ಯಾವುದೆಂದು ಮೊದಲು ನೋಡಿ. ನೆಟ್‌ಫ್ಲಿಕ್ಸ್‌ನ ಬೇಸಿಕ್ ಪ್ಲಾನ್ 720ಪಿ ಮಾತ್ರ, 4ಕೆ ಮತ್ತು ಎಚ್‌ಡಿಆರ್ (ಬೆಳಕು-ಕತ್ತಲಿನ ಹರವು ಹೆಚ್ಚಿರುವ ಚಿತ್ರ) ಸಿಗುವುದು ಪ್ರೀಮಿಯಂನಲ್ಲಿ. 720ಪಿಯಲ್ಲಿ ಚುಕ್ಕಿಗಳನ್ನು ಹುಡುಕುತ್ತಾ ಟಿವಿಯನ್ನು ಬೈದು ಪ್ರಯೋಜನವಿಲ್ಲ.

ಪಿಕ್ಚರ್ ಸೈಜ್. ಇದನ್ನು ಯಾರೂ ಮುಟ್ಟುವುದಿಲ್ಲ, ಆದರೆ ಚುಕ್ಕಿಗಳಿಗೆ ದೊಡ್ಡ ಶತ್ರು ಇದೇ. ಕೆಲವು ಟಿವಿಗಳು ಎಚ್‌ಡಿಎಂಐ ಚಿತ್ರವನ್ನು ಒಂದಿಷ್ಟು ಹಿಗ್ಗಿಸಿ ಅಂಚು ಕತ್ತರಿಸುತ್ತವೆ. ಸಮಾನ ಅಂತರದ ಚುಕ್ಕಿಗಳನ್ನು ಹೀಗೆ ಹಿಗ್ಗಿಸಿದಾಗ ಅವು ಪರದೆಯ ಪಿಕ್ಸೆಲ್‌ಗಳಿಗೆ ಹೊಂದದೆ ಅಲೆಅಲೆಯಾದ ಹುಸಿ ವಿನ್ಯಾಸ ಮೂಡುತ್ತದೆ. ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’ ಅಥವಾ ‘ಫುಲ್ ಪಿಕ್ಸೆಲ್’ ಆನ್ ಮಾಡಿ. ಮೇಲೆ-ಕೆಳಗೆ ಕಪ್ಪು ಪಟ್ಟಿ ಬರುತ್ತದೆ ಅಂತ ಜೂಮ್ ಮಾಡುವವರಿಗೆ ಲೆಕ್ಕ ಇಲ್ಲಿದೆ: ಸಿನಿಮಾದ ಆಕಾರ 2.39:1, ಟಿವಿಯದು 16:9. ಪರದೆ ತುಂಬುವಷ್ಟು ಜೂಮ್ ಮಾಡಿದರೆ ಎಡಬಲ ಸೇರಿ ಚಿತ್ರದ ಕಾಲುಭಾಗ ಹೊರಗೆ ಹೋಗುತ್ತದೆ. ಒಂದೇ ಫ್ರೇಮಿನಲ್ಲಿ ನಾಲ್ಕು ಪ್ಯಾನೆಲ್ ಜೋಡಿಸುವ ಸಿನಿಮಾದಲ್ಲಿ ಅದು ಪುಟ ಹರಿದು ಓದಿದ ಹಾಗೆ.

ಬಣ್ಣದ ತಾಪ ‘ವಾರ್ಮ್ 2’ ಅಥವಾ ‘ವಾರ್ಮ್ 50’. ಸಿನಿಮಾ ತಯಾರಾಗುವ ಬಿಳಿ, 6500 ಕೆಲ್ವಿನ್ ಸುತ್ತಮುತ್ತಲಿನದು. ಅದಕ್ಕೆ ಹತ್ತಿರ ಬರುವುದು ಇದೇ. ಮೊದಲ ದಿನ ಎಲ್ಲವೂ ಹಳದಿ ಅನಿಸುತ್ತದೆ, ಮನೆಯವರಿಂದ ದೂರೂ ಬರುತ್ತದೆ. ಒಂದೆರಡು ದಿನ ತಡೆಯಿರಿ. ಕಣ್ಣು ಒಗ್ಗಿದ ಮೇಲೆ ಹಳೆಯ ‘ಕೂಲ್’ಗೆ ಹೋಗಿ ನೋಡಿದರೆ ಎರಡನೇ ಸಿನಿಮಾದ ಮಂಬಟ್ಟನ್‌ನ (ಮುಂಬೈ-ಮ್ಯಾನ್‌ಹಟನ್ ಬೆರೆಸಿದ ಊರು) ಬಿಸಿಲು ಟ್ಯೂಬ್‌ಲೈಟ್ ಹಾಕಿದಂತೆ ನೀಲಿಗಟ್ಟಿರುವುದು ಕಾಣುತ್ತದೆ. ಅಂದಹಾಗೆ ಆ ಊರಿನ ಸ್ಪೈಡರ್-ಮ್ಯಾನ್ ಪವಿತ್ರ್ ಪ್ರಭಾಕರ್ ಸಿನಿಮಾಕ್ಕೆಂದು ಹುಟ್ಟಿದವನಲ್ಲ, 2004ರ ‘ಸ್ಪೈಡರ್-ಮ್ಯಾನ್: ಇಂಡಿಯಾ’ ಕಾಮಿಕ್ಸ್‌ನವನು.

ಬ್ರೈಟ್‌ನೆಸ್ ಹೆಸರಿನಲ್ಲಿ ಗೊಂದಲವಿದೆ. ಹಲವು ಟಿವಿಗಳಲ್ಲಿ ‘ಬ್ಯಾಕ್‌ಲೈಟ್’ ಅಥವಾ ‘ಓಎಲ್‌ಇಡಿ ಲೈಟ್’ ಬೆಳಕನ್ನು ಹೆಚ್ಚಿಸುತ್ತದೆ, ‘ಬ್ರೈಟ್‌ನೆಸ್’ ಕಪ್ಪಿನ ಮಟ್ಟವನ್ನು. ಸೋನಿಯ ಹೊಸ ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಅಂದರೆ ಬೆಳಕು, ಕಪ್ಪಿಗೆ ‘ಬ್ಲಾಕ್ ಲೆವೆಲ್’ ಬೇರೆ. ಕೋಣೆ ಕತ್ತಲಾಗಿದೆ, ಚಿತ್ರ ಮಂಕು ಅನಿಸಿದರೆ ಬೆಳಕಿನದನ್ನು ಮಾತ್ರ ಏರಿಸಿ. ಕಪ್ಪಿನದನ್ನು ಏರಿಸಿದರೆ ಮೈಲ್ಸ್‌ನ ಕಪ್ಪು ಉಡುಪು ಬೂದಿಯಾಗುತ್ತದೆ. ಇಳಿಸಿದರೆ ಉಡುಪಿನ ಮಡಿಕೆ, ರಾತ್ರಿಯ ಕಟ್ಟಡಗಳ ಕಿಟಕಿ ಎಲ್ಲ ಒಂದೇ ಮಸಿ. ನಡುಮಟ್ಟದ ಬೆಳಕನ್ನು ನಿರ್ಧರಿಸುವ ಗಾಮಾ ಕತ್ತಲ ಕೋಣೆಗೆ 2.4, ಬೆಳಕಿದ್ದರೆ 2.2.

ಡೈನಾಮಿಕ್ ಕಾಂಟ್ರಾಸ್ಟ್, ಪವರ್ ಸೇವಿಂಗ್, ಸುತ್ತಲಿನ ಬೆಳಕು ನೋಡಿ ತಾನೇ ಬದಲಾಗುವ ಸೆನ್ಸರ್ ಎಲ್ಲ ಆಫ್. ದೃಶ್ಯದ ನಡುವೆ ಚಿತ್ರ ತನ್ನಷ್ಟಕ್ಕೆ ಮಂಕಾಗಿ ಮತ್ತೆ ಬೆಳಗಿದರೆ ಈ ಮೂರರಲ್ಲಿ ಒಂದು ಉಳಿದುಕೊಂಡಿದೆ ಅಂತಲೇ ಲೆಕ್ಕ.

ಇಷ್ಟೆಲ್ಲ ಮಾಡಿದ ಮೇಲೂ ‘ಸೆಟ್ಟಿಂಗ್ ನಿಂತಿಲ್ಲ’ ಅನ್ನುವ ದೂರು ಬರುವುದಕ್ಕೆ ಕಾರಣ ಒಂದೇ. ಟಿವಿ ಮಾಮೂಲಿ ಚಿತ್ರಕ್ಕೆ, ಎಚ್‌ಡಿಆರ್10ಕ್ಕೆ, ಡಾಲ್ಬಿ ವಿಷನ್‌ಗೆ (ಕೊನೆಯೆರಡೂ ಎಚ್‌ಡಿಆರ್‌ನ ಬಗೆಗಳು) ಬೇರೆಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ. ಮೆನುವಿನಲ್ಲಿ ಕೂತು ಒಮ್ಮೆ ಮಾಡಿದರೆ ಸಾಲದು. ಎಚ್‌ಡಿಆರ್ ಸಿನಿಮಾ ಓಡುತ್ತಿರುವಾಗ ಒಮ್ಮೆ, ಡಾಲ್ಬಿ ವಿಷನ್ ಓಡುತ್ತಿರುವಾಗ ಇನ್ನೊಮ್ಮೆ ಮೆನು ತೆರೆದು ಇದೇ ಕೆಲಸ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಡಾಲ್ಬಿ ವಿಷನ್ ಇಲ್ಲ, ಒಂದು ಸುತ್ತು ಉಳಿಯಿತು.

24 ಫ್ರೇಮ್, 60 ಹರ್ಟ್ಸ್

ಮೋಷನ್ ಆಫ್ ಮಾಡಿದ ಮೇಲೂ ಚಲನೆ ಕುಂಟಿದರೆ ತಪ್ಪು ಭಾಗಾಕಾರದ್ದು. 60 ಹರ್ಟ್ಸ್ ಪರದೆಗೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬೆಳಗುವ ಪರದೆಗೆ, 24 ಸಮವಾಗಿ ಭಾಗವಾಗುವುದಿಲ್ಲ. ಒಂದು ಫ್ರೇಮ್ 3 ಸಲ, ಮುಂದಿನದು 2 ಸಲ ಬೆಳಗುತ್ತದೆ. ಒಂದಕ್ಕೆ 50 ಮಿಲಿಸೆಕೆಂಡ್, ಇನ್ನೊಂದಕ್ಕೆ 33. ಲಯವೇ ಜೀವವಾಗಿರುವ ಸಿನಿಮಾಗೆ ಇದು ಪೆಟ್ಟು. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಫ್ರೇಮೂ ಸರಿಯಾಗಿ 5 ಸಲ ಬರಬಹುದು.

ಟಿವಿಯ ಒಳಗಿನ ಆ್ಯಪ್‌ನಲ್ಲಿ ನೋಡಿದರೆ ಸಾಮಾನ್ಯವಾಗಿ ಟಿವಿಯೇ ಇದನ್ನು ಸರಿದೂಗಿಸುತ್ತದೆ. ಹೊರಗಿನ ಸ್ಟಿಕ್ ಅಥವಾ ಬಾಕ್ಸ್ ಇದ್ದರೆ ಅದು ಎಲ್ಲವನ್ನೂ 60ರಲ್ಲೇ ಕಳಿಸುತ್ತಿರಬಹುದು. ಆ್ಯಪಲ್ ಟಿವಿಯಲ್ಲಿ ‘ಮ್ಯಾಚ್ ಕಂಟೆಂಟ್’ ಒಳಗೆ ಡೈನಾಮಿಕ್ ರೇಂಜ್, ಫ್ರೇಮ್ ರೇಟ್ ಎರಡನ್ನೂ ಆನ್ ಮಾಡಿ. ಫೈರ್ ಟಿವಿಯಲ್ಲಿ ಡಿಸ್‌ಪ್ಲೇ ಮೆನುವಿನ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’. ಗೂಗಲ್ ಟಿವಿ ಬಾಕ್ಸ್‌ಗಳಲ್ಲಿ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’. ಸಿನಿಮಾ ಶುರುವಾಗುವಾಗ ಪರದೆ ಒಂದು ಕ್ಷಣ ಕಪ್ಪಾದರೆ ಕೆಲಸ ಮಾಡುತ್ತಿದೆ ಎಂದರ್ಥ, ಗಾಬರಿ ಬೇಡ.

ಗೇಮ್‌ಗೆ ಲೆಕ್ಕವೇ ಬೇರೆ

ಸಿನಿಮಾಗೆ ಹೊಂದಿಸಿದ ಮೋಡ್‌ನಲ್ಲಿ ‘ಮೈಲ್ಸ್ ಮೊರಾಲಿಸ್’ (2020) ಅಥವಾ ‘ಸ್ಪೈಡರ್-ಮ್ಯಾನ್ 2’ (2023) ಆಡಬೇಡಿ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ತಡ ಇಲ್ಲಿ ಮುಖ್ಯ. ಗೇಮ್ ಮೋಡ್ ಆನ್ ಆದರೆ ಟಿವಿ ತನ್ನ ತಿದ್ದುಪಡಿಗಳಲ್ಲಿ ಹೆಚ್ಚಿನವನ್ನು ಬಿಟ್ಟು ಚಿತ್ರವನ್ನು ನೇರವಾಗಿ ದಾಟಿಸುತ್ತದೆ. ಟಿವಿಗೆ ಎಎಲ್‌ಎಲ್‌ಎಂ ಸೌಲಭ್ಯವಿದ್ದರೆ ಕನ್ಸೋಲ್ ತಾನೇ ಗೇಮ್ ಮೋಡ್‌ಗೆ ಬದಲಿಸುತ್ತದೆ.

ಮೊದಲು ತಂತಿ. ಎಲ್ಲ ಎಚ್‌ಡಿಎಂಐ ಪೋರ್ಟೂ ಒಂದೇ ಅಲ್ಲ. ಹಲವು ಟಿವಿಗಳಲ್ಲಿ 4ಕೆ 120 ಹರ್ಟ್ಸ್ ದಾಟಿಸುವುದು ನಾಲ್ಕರಲ್ಲಿ ಎರಡು ಮಾತ್ರ, ಪೋರ್ಟಿನ ಪಕ್ಕದಲ್ಲೇ ಬರೆದಿರುತ್ತದೆ. ಆ ಎರಡರಲ್ಲಿ ಒಂದು ಸೌಂಡ್‌ಬಾರ್‌ಗೆ ಶಬ್ದ ಕಳಿಸುವ ಇಎಆರ್‌ಸಿ ಪೋರ್ಟ್ ಆಗಿದ್ದರೆ ಸೌಂಡ್‌ಬಾರ್ ಅಲ್ಲಿ ಕೂತು ನಿಮಗೆ ಒಂದೇ ಉಳಿಯುತ್ತದೆ. ಎರಡು ಕನ್ಸೋಲ್ ಇರುವವರು ಟಿವಿ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಪ್ಲೇಸ್ಟೇಷನ್ 5 ಜೊತೆ ಬಂದ ಕೇಬಲ್ಲನ್ನೇ ಹಾಕಿ. ಹಳೆಯ ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಹಾಕಿದರೆ ಚಿತ್ರ ಬರುತ್ತದೆ, ಆದರೆ 120 ಹರ್ಟ್ಸ್‌ಗೆ ಹೋದಾಗ ಮಿಟುಕಬಹುದು ಅಥವಾ ಆ ಆಯ್ಕೆಯೇ ಕಾಣಿಸದೆ ಹೋಗಬಹುದು.

ಮುಂದೆ ಟಿವಿಯಲ್ಲಿ ಆ ಪೋರ್ಟನ್ನು ತೆರೆಯಬೇಕು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ‘ಎನ್‌ಹ್ಯಾನ್ಸ್ಡ್’. ‘ಕನ್ಸೋಲ್‌ನಲ್ಲಿ ಎಚ್‌ಡಿಆರ್ ಬರ್ತಿಲ್ಲ’ ಅನ್ನುವ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ.

ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಆ್ಯಂಡ್ ವಿಡಿಯೊ, ಅದರೊಳಗೆ ವಿಡಿಯೊ ಔಟ್‌ಪುಟ್ ತೆರೆಯಿರಿ. 120 ಹರ್ಟ್ಸ್ ಔಟ್‌ಪುಟ್ ‘ಆಟೊಮ್ಯಾಟಿಕ್’, ಆರ್‌ಜಿಬಿ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಹರವು) ‘ಆಟೊಮ್ಯಾಟಿಕ್’. ಕಪ್ಪು ಬೂದಿಯಾಗಿಯೋ ಮಸಿಯಾಗಿಯೋ ಕಂಡರೆ ಕನ್ಸೋಲ್ ಒಂದು ರೇಂಜ್ ಕಳಿಸಿ ಟಿವಿ ಇನ್ನೊಂದನ್ನು ನಿರೀಕ್ಷಿಸುತ್ತಿದೆ. ಟಿವಿಯ ಎಚ್‌ಡಿಎಂಐ ಬ್ಲಾಕ್ ಲೆವೆಲ್ಲನ್ನೂ ಆಟೊಗೆ ಹಾಕಿ. ಎಚ್‌ಡಿಆರ್ ಅನ್ನು ‘ಆನ್ ವೆನ್ ಸಪೋರ್ಟೆಡ್’ನಲ್ಲಿ ಇಡಿ. ‘ಆಲ್ವೇಸ್ ಆನ್’ ಇಟ್ಟರೆ ಎಚ್‌ಡಿಆರ್ ಇಲ್ಲದ ಹಳೆಯ ಗೇಮ್‌ಗಳೂ ಎಚ್‌ಡಿಆರ್ ಪಾತ್ರೆಯಲ್ಲಿ ಬಂದು ಬಣ್ಣ ಕೆಡುವ ಸಾಧ್ಯತೆ ಇದೆ.

ಅಲ್ಲೇ ‘ಅಡ್ಜಸ್ಟ್ ಎಚ್‌ಡಿಆರ್’ ಇದೆ, ಮೂರು ಪರದೆ. ಅದಕ್ಕೆ ಕೈ ಹಾಕುವ ಮೊದಲು ಟಿವಿಯ ಟೋನ್ ಮ್ಯಾಪಿಂಗ್‌ನಲ್ಲಿ (ಪರದೆಯ ಶಕ್ತಿಗೆ ತಕ್ಕಂತೆ ಬೆಳಕು ತಗ್ಗಿಸುವ ಸೆಟ್ಟಿಂಗ್) ಆ ಕೆಲಸವನ್ನು ಕನ್ಸೋಲ್‌ಗೇ ಬಿಡುವ ‘ಎಚ್‌ಜಿಐಜಿ’ ಇದ್ದರೆ ಆರಿಸಿ. ಇಲ್ಲದಿದ್ದರೆ ಟಿವಿಯೂ ಕನ್ಸೋಲೂ ಇಬ್ಬರೂ ಬೆಳಕನ್ನು ತಗ್ಗಿಸಲು ಹೊರಟು ಚಿತ್ರ ಮಂಕಾಗುತ್ತದೆ. ಮೊದಲ ಎರಡು ಪರದೆಗಳಲ್ಲಿ ಸೂರ್ಯನ ಚಿಹ್ನೆ ಕಣ್ಣಿಗೆ ಕಾಣದಂತಾಗುವ ಕ್ಷಣಕ್ಕೆ ನಿಲ್ಲಿಸಿ, ಇನ್ನೂ ಮೇಲಕ್ಕೆ ಒತ್ತಬೇಡಿ. ಒತ್ತಿದರೆ ಟಿವಿಗೆ ಸಾಧ್ಯವಿಲ್ಲದ ಬೆಳಕನ್ನು ಗೇಮ್ ಕಳಿಸಿ ಮೋಡ, ಹಿಮ, ಸ್ಫೋಟದ ನಡುಭಾಗ ಎಲ್ಲ ಬರೀ ಬಿಳಿ ತೇಪೆಯಾಗುತ್ತವೆ. ಮೂರನೆಯದು ಕಪ್ಪಿನದು, ಓಎಲ್‌ಇಡಿಯಲ್ಲಿ ಪೂರ್ತಿ ಕೆಳಕ್ಕೆ ಇಳಿಸಿ.

ಈಗ ಗೇಮ್‌ನ ಒಳಗಿನ ಆಯ್ಕೆ, ಇಲ್ಲಿ ಅಭಿಮಾನಿಗಳ ಜಗಳ ಮುಗಿಯುವುದೇ ಇಲ್ಲ. ‘ಫಿಡೆಲಿಟಿ’ ಅಂದರೆ ಹೆಚ್ಚು ವಿವರ, 30 ಫ್ರೇಮ್. ‘ಪರ್ಫಾರ್ಮೆನ್ಸ್’ ಅಂದರೆ 60. 30ರಲ್ಲಿ ಒಂದು ಫ್ರೇಮ್ 33.3 ಮಿಲಿಸೆಕೆಂಡ್ ನಿಲ್ಲುತ್ತದೆ, 60ರಲ್ಲಿ 16.7. ಮ್ಯಾನ್‌ಹಟನ್ ಮೇಲೆ ಬಲೆ ಬೀಸುತ್ತಾ ಇಡೀ ಚಿತ್ರವೇ ಸರಿಯುತ್ತಿರುವ ಗೇಮ್‌ಗೆ 60ಕ್ಕಿಂತ ಕಡಿಮೆ ಯಾಕೆ ಅನ್ನುವುದು ನಮ್ಮ ವಾದ. ‘ಮೈಲ್ಸ್ ಮೊರಾಲಿಸ್’ನಲ್ಲಿ ‘ಪರ್ಫಾರ್ಮೆನ್ಸ್ ಆರ್‌ಟಿ’ ಇದೆ: 60 ಫ್ರೇಮೂ ಇದೆ, ಗಾಜಿನ ಕಟ್ಟಡಗಳಲ್ಲಿ ನಿಜವಾದ ಪ್ರತಿಬಿಂಬವೂ ಇದೆ, ರೆಸಲ್ಯೂಷನ್ ಮಾತ್ರ ಕಡಿಮೆ. ಅದನ್ನೇ ಆರಿಸಿ. ‘ಸ್ಪೈಡರ್-ಮ್ಯಾನ್ 2’ರಲ್ಲಿ ಎರಡೂ ಮೋಡ್‌ಗಳಲ್ಲಿ ರೇ ಟ್ರೇಸಿಂಗ್ (ಆ ನಿಜವಾದ ಪ್ರತಿಬಿಂಬ ತರುವ ‘ಆರ್‌ಟಿ’) ಇರುವುದರಿಂದ ಚರ್ಚೆಯೇ ಬೇಡ, ಪರ್ಫಾರ್ಮೆನ್ಸ್.

120 ಹರ್ಟ್ಸ್ ಟಿವಿ ಇರುವವರಿಗೆ ನಡುದಾರಿ ಒಂದಿದೆ: ಫಿಡೆಲಿಟಿಯಲ್ಲೇ 40 ಫ್ರೇಮ್. 120ನ್ನು 3ರಿಂದ ಭಾಗಿಸಿದರೆ 40, ಹಾಗಾಗಿ ಕುಂಟುವುದಿಲ್ಲ. ಫ್ರೇಮ್‌ಗೆ 25 ಮಿಲಿಸೆಕೆಂಡ್, ಅಂದರೆ 33.3 ಮತ್ತು 16.7ರ ಸರಿಯಾದ ನಡುಬಿಂದು. 10 ಫ್ರೇಮ್ ಹೆಚ್ಚಾಯಿತಷ್ಟೇ ಅನಿಸಿದರೂ ಕೈಗೆ ತಿಳಿಯುವ ವ್ಯತ್ಯಾಸ ದೊಡ್ಡದು. ಗೇಮ್‌ನ ವಿಷುವಲ್ಸ್ ಮೆನುವಿನಲ್ಲಿ 120 ಹರ್ಟ್ಸ್ ಆನ್ ಮಾಡಿದರೆ ಸಿಗುತ್ತದೆ. 60 ಹರ್ಟ್ಸ್ ಟಿವಿಯಲ್ಲಿ ಈ ದಾರಿ ಇಲ್ಲ.

ವಿಆರ್‌ಆರ್ (ಗೇಮ್‌ನ ಫ್ರೇಮ್ ವೇಗಕ್ಕೆ ಪರದೆಯೂ ಹೊಂದಿಕೊಳ್ಳುವ ಸೌಲಭ್ಯ) ಇದ್ದರೆ ಆನ್ ಇಡಿ. ಓಎಲ್‌ಇಡಿಯಲ್ಲಿ ಕತ್ತಲ ದೃಶ್ಯ ಸಣ್ಣಗೆ ಮಿಟುಕಿದರೆ ಕಾರಣ ಅದೇ. ಆ ಗೇಮ್‌ಗೆ ಮಾತ್ರ ಆಫ್ ಮಾಡಿ.

‘ಮೈಲ್ಸ್ ಮೊರಾಲಿಸ್’ನಲ್ಲಿ ಸ್ಪೈಡರ್-ವರ್ಸ್ ಸೂಟ್ ಸಿಕ್ಕ ಮೇಲೆ ಅದರ ‘ವೈಬ್ ದ ವರ್ಸ್’ ಮಾಡ್ ಹಾಕಿ ನೋಡಿ. ನಗರವೆಲ್ಲ 60ರಲ್ಲಿ ಓಡುತ್ತಿರುವಾಗ ಮೈಲ್ಸ್ ಒಬ್ಬನೇ ಸಿನಿಮಾದ ಹಾಗೆ ಭಂಗಿ ನಿಲ್ಲಿಸುತ್ತಾ ಹಾರುತ್ತಾನೆ. ಗೇಮ್ ತಡವರಿಸುತ್ತಿದೆ ಎಂದು ಸೆಟ್ಟಿಂಗ್ ಕೆದಕಲು ಹೋಗಬೇಡಿ. ಜೊತೆಗೆ ‘ಬ್ಯಾಮ್! ಪೌ! ವ್ಯಾಮ್!’ ಹಾಕಿದರೆ ಏಟಿಗೊಂದು ಶಬ್ದ ಅಕ್ಷರವಾಗಿ ಹಾರುತ್ತದೆ. 30 ಫ್ರೇಮ್ ಮೋಡ್‌ನಲ್ಲಿ ಹಿನ್ನೆಲೆಯೂ ಗಡಸಾಗಿರುವುದರಿಂದ ಈ ಆಟ ಅಷ್ಟು ಎದ್ದು ಕಾಣುವುದಿಲ್ಲ.

ಕೂರುವ ದೂರ, ಓದುವ ಪರದೆ

55 ಇಂಚಿನ 4ಕೆ ಟಿವಿಗೆ ಐದೂವರೆಯಿಂದ ಏಳೂವರೆ ಅಡಿ ಸರಿಯಾದ ದೂರ. ಹಾಲ್‌ನ ಆ ಗೋಡೆಯ ಸೋಫಾದಲ್ಲಿ ಹನ್ನೆರಡು ಅಡಿ ದೂರ ಕೂತರೆ ಚುಕ್ಕಿಗಳು ಒಂದರೊಳಗೊಂದು ಕರಗಿಹೋಗುತ್ತವೆ, ಮೇಲೆ ಹೇಳಿದ ಅರ್ಧ ಕೆಲಸ ದಂಡ. ಸಿನಿಮಾಗಾದರೂ ಕುರ್ಚಿ ಮುಂದೆ ಎಳೆದುಕೊಳ್ಳಿ. ಎರಡೂ ಸಿನಿಮಾಗಳಲ್ಲಿ ಬೆಳಕು ಬಿರುಸಾಗಿ ಮಿಂಚುವ ದೃಶ್ಯಗಳಿವೆ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವವರು ಮನೆಯಲ್ಲಿದ್ದರೆ ಹತ್ತಿರ ಕೂರಿಸಬೇಡಿ, ಕೋಣೆಯ ದೀಪವನ್ನೂ ಹಾಕಿಡಿ.

ಮೂಲ ಕಾಮಿಕ್ಸ್‌ಗೆ ಹೋಗುವವರಿಗೆ: ಮೈಲ್ಸ್ ಮೊದಲು ಬಂದದ್ದು 2011ರ ‘ಅಲ್ಟಿಮೇಟ್ ಫಾಲ್‌ಔಟ್’ 4ನೇ ಸಂಚಿಕೆಯಲ್ಲಿ, ಗ್ವೆನ್ ಸ್ಪೈಡರ್-ವುಮನ್ ಆಗಿ ಬಂದದ್ದು 2014ರ ‘ಎಡ್ಜ್ ಆಫ್ ಸ್ಪೈಡರ್-ವರ್ಸ್’ 2ರಲ್ಲಿ. ಗ್ವೆನ್‌ಳದ್ದು ಓದಿದರೆ ಸಿನಿಮಾದ ಆ ಬಣ್ಣಗಳು ಎಲ್ಲಿಂದ ಬಂದವು ಅನ್ನುವುದು ತಿಳಿಯುತ್ತದೆ. ಅಮೆರಿಕದ ಕಾಮಿಕ್ಸ್ ಪುಟ ಸುಮಾರು 6.6 ಇಂಚು ಅಗಲ, 10.25 ಇಂಚು ಎತ್ತರ, ಕರ್ಣ 12 ಇಂಚಿನ ಮೇಲೆ. 12-13 ಇಂಚಿನ ಟ್ಯಾಬ್ಲೆಟ್‌ನಲ್ಲಿ ಪುಟ ನಿಜವಾದ ಗಾತ್ರದಲ್ಲಿ ಕೂರುತ್ತದೆ, 10-11 ಇಂಚಿನದರಲ್ಲಿ ತುಸು ಕುಗ್ಗಿದರೂ ಓದಬಹುದು. ಫೋನಿನಲ್ಲಿ ಆ್ಯಪ್ ಒಂದೊಂದೇ ಪ್ಯಾನೆಲ್ ತೋರಿಸುತ್ತದೆ; ಪುಟದ ಜೋಡಣೆಯೇ ಕಣ್ಣಿಗೆ ಬೀಳದ ಆ ಓದು ನಮ್ಮ ಮಟ್ಟಿಗೆ ಕೊನೆಯ ಆಯ್ಕೆ. ರಾತ್ರಿ ಓದುವಾಗ ನೀಲಿ ಬೆಳಕು ಕಡಿಮೆ ಮಾಡುವ ಸೌಲಭ್ಯ ಆಫ್ ಮಾಡಿ, ಇಲ್ಲವಾದರೆ ಗ್ವೆನ್‌ಳ ಗುಲಾಬಿ ಕಿತ್ತಳೆಯಾಗುತ್ತದೆ.

ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಮೋಷನ್, ಪವರ್ ಸೇವಿಂಗ್ ಎರಡನ್ನೂ ಮತ್ತೊಮ್ಮೆ ತೆರೆದು ನೋಡಿ, ಕೆಲವೊಮ್ಮೆ ಹೇಳದೆ ಕೇಳದೆ ಆನ್ ಆಗಿರುತ್ತವೆ. ಪ್ರತಿ ಮೋಡ್‌ನ ಸೆಟ್ಟಿಂಗ್ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮರುಹೊಂದಿಸಲು ಐದು ನಿಮಿಷ ಸಾಕು.